ಪಾಸು ವಾಪಸ್ ಬಂತು, ಆಳು ಒಳಗೇ ಇದ್ದಾನೆ

ವಿದ್ಯಾರಣ್ಯಪುರದಲ್ಲಿ ಸಂಜೆ ವಾಕಿಂಗ್ ಹೊರಟರೆ ಬಿಇಎಲ್‌ನಿಂದ ನಿವೃತ್ತರಾದವರು ಒಬ್ಬರಾದರೂ ಸಿಗುತ್ತಾರೆ. 1954ರಲ್ಲಿ ಶುರುವಾದ, ಜಾಲಹಳ್ಳಿಯ ಆ ರಕ್ಷಣಾ ಕಾರ್ಖಾನೆಯ ಗೇಟು ದಾಟಿ ಬದುಕು ಕಳೆದವರಿಗೆ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕಿಲ್ಲ: ಪಾಸು ರದ್ದು ಮಾಡುವುದು ಒಂದು ಕೆಲಸ, ಆಗಲೇ ಒಳಗೆ ಹೋದವನನ್ನು ಹೊರಗೆ ಕಳಿಸುವುದು ಇನ್ನೊಂದು ಕೆಲಸ. ಲಾಗಿನ್ ಲಿಂಕ್ ರದ್ದು ಮಾಡಲೆಂದು ಎಐ ಏಜೆಂಟ್‌ಗಳ ಕೈಗೆ ಈಗ ಕೊಡುತ್ತಿರುವ ಟೂಲ್ ಎಡವುವುದು ಇಲ್ಲೇ.

ಕ್ಲರ್ಕ್ ಎಂಬ ಸೇವೆಯನ್ನೇ ನೋಡೋಣ. (ಹೆಸರಿಗೆ ತಕ್ಕ ಗುಮಾಸ್ತನೇ, ಆ್ಯಪ್‌ಗಳ ಪರವಾಗಿ ಬಳಕೆದಾರರ ಲಾಗಿನ್ ಲೆಕ್ಕ ಇಡುವುದೇ ಅದರ ಉದ್ಯೋಗ.) ಒಬ್ಬ ಬಳಕೆದಾರನಿಗಾಗಿ ಅದರಲ್ಲಿ ಸೈನ್‌-ಇನ್ ಟೋಕನ್ ಹುಟ್ಟಿಸಬಹುದು. ಅದನ್ನು ಹೊತ್ತ ಲಿಂಕ್ ಒತ್ತಿದರೆ ಪಾಸ್‌ವರ್ಡ್ ಕೇಳದೆ ಬಾಗಿಲು ತೆರೆಯುತ್ತದೆ. ಒಂದೇ ಸಲ ನಡೆಯುವ ಲಿಂಕ್, ನಿಜ. ಆದರೆ ನಾವಾಗಿ ಅವಧಿ ಹೇಳದಿದ್ದರೆ ಅದರ ಆಯುಷ್ಯ 30 ದಿನ. ಇ-ಮೇಲ್‌ನಲ್ಲೋ ವಾಟ್ಸ್ಆ್ಯಪ್ ಗುಂಪಿನಲ್ಲೋ ಒಂದು ತಿಂಗಳು ಬಿದ್ದಿರುವ ಕೀಲಿ ಅದು. ತಪ್ಪು ವಿಳಾಸಕ್ಕೆ ಹೋದರೆ ರದ್ದು ಮಾಡಲು ದಾರಿ ಬೇಕೇ ಬೇಕು. ಅವಧಿಯನ್ನು ಮೊದಲೇ ಹತ್ತು ನಿಮಿಷಕ್ಕೆ ಇಳಿಸಿದ್ದರೆ ರದ್ದತಿಯ ಅರ್ಧ ತಲೆನೋವು ಹುಟ್ಟುತ್ತಲೇ ಇರಲಿಲ್ಲ ಎನ್ನುವುದು ಬೇರೆ ಮಾತು.

ರದ್ದು ಮಾಡುವ ಟೂಲ್ ಕೇಳುವುದು ಟೋಕನ್‌ನ ಗುರುತು ಸಂಖ್ಯೆಯನ್ನು ಮಾತ್ರ. ಕೊಟ್ಟರೆ, ಇನ್ನೂ ಬಳಸದ ಲಿಂಕ್ ಸತ್ತುಹೋಗುತ್ತದೆ. ಅಷ್ಟರಮಟ್ಟಿಗೆ ಕೆಲಸ ಚೊಕ್ಕ. ಗುರುತು ತಪ್ಪಿ ಬೇರೆಯವರ ಲಿಂಕ್ ಸತ್ತರೂ ಹೊಸದನ್ನು ಕಳಿಸಿದರಾಯಿತು, ಮನೆ ಮುಳುಗುವುದಿಲ್ಲ. ನನ್ನ ತಕರಾರು ಏಜೆಂಟ್ ಆಮೇಲೆ ಆಡುವ ಮಾತಿನ ಬಗ್ಗೆ. ಕೆಲಸ ಬಿಟ್ಟ ಹುಡುಗನ ಪ್ರವೇಶ ತೆಗೆದುಹಾಕು ಎಂದು ಮಾಲೀಕ ಹೇಳುತ್ತಾನೆ. ಏಜೆಂಟ್ ಕೈಗೆ ಸಿಕ್ಕ ಟೂಲ್ ಓಡಿಸಿ, ಪ್ರವೇಶ ತೆಗೆದಾಯಿತು ಎಂದು ವರದಿ ಒಪ್ಪಿಸುತ್ತದೆ. ಹುಡುಗ ಬೆಳಿಗ್ಗೆಯೇ ಇನ್ನೊಂದು ಲಿಂಕ್ ಒತ್ತಿ ಒಳಗೆ ಹೋಗಿದ್ದರೆ? ಲಾಗಿನ್ ಆದ ಮೇಲೆ ತೆರೆದಿರುವ ಅವನ ಸೆಷನ್ ಬೇರೆಯೇ ಇದೆ, ಅದನ್ನು ಮುಗಿಸುವ ಆಜ್ಞೆಯೂ ಬೇರೆ. ಕ್ಲರ್ಕ್‌ನಲ್ಲಿ ಸೆಷನ್ ಮುಗಿಸಿದರೆ ಬ್ರೌಸರ್‌ನಲ್ಲಿ ಉಳಿದ ಸೆಷನ್ ಟೋಕನ್ 60 ಸೆಕೆಂಡಿನೊಳಗೆ ಅವಧಿ ಮೀರುತ್ತದೆ, ಒಳ್ಳೆಯ ಏರ್ಪಾಡು. ಆದರೆ ಯಾರಾದರೂ ಆ ಆಜ್ಞೆ ಕೊಡಬೇಕಲ್ಲ! ಅನುಕ್ರಮವೂ ಮುಖ್ಯ: ಮೊದಲು ಲಿಂಕ್, ಆಮೇಲೆ ಸೆಷನ್. ತಿರುಗುಮುರುಗಾದರೆ ಹೊರಗೆ ಕಳಿಸಿದವನು ಉಳಿದ ಲಿಂಕ್ ಹಿಡಿದು ಮತ್ತೆ ಒಳಗೆ ಬರುತ್ತಾನೆ.

ಇದು ಒಂದು ಕಂಪನಿಯ ಸಮಸ್ಯೆಯಲ್ಲ. ಟೋಕನ್ ರದ್ದತಿಯ ಆರ್‌ಎಫ್‌ಸಿ 7009 ಎಂಬ ನಿಯಮಪತ್ರ 2013ರ ಆಗಸ್ಟ್‌ನಲ್ಲಿ ಬಂತು. ಅದರ ಪ್ರಕಾರ ಟೋಕನ್ ರದ್ದಾದರೂ ಸರ್ವರ್ 200 (ವೆಬ್ ಭಾಷೆಯಲ್ಲಿ 'ಸರಿ') ಎನ್ನಬೇಕು, ಅಸಿಂಧು ಟೋಕನ್ ಕೊಟ್ಟರೂ 200 ಎನ್ನಬೇಕು. ಇಂಜಿನಿಯರಿಗೆ ಇದರಲ್ಲಿ ತರ್ಕವಿದೆ. ಇಲ್ಲದ ಟೋಕನ್ ಹೇಗೂ ನಡೆಯುವುದಿಲ್ಲ. ಉತ್ತರವನ್ನು ಓದಿ ಮಾಲೀಕನಿಗೆ ವಾಕ್ಯ ಕಟ್ಟಿಕೊಡುವ ಏಜೆಂಟ್‌ಗೆ ಮಾತ್ರ ಎರಡೂ 'ಆಯಿತು' ಎಂದೇ ಕೇಳಿಸುತ್ತದೆ.

ಎಐ ಕಂಪನಿ ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಈ ಟೂಲ್‌ಗಳನ್ನು ಏಜೆಂಟ್‌ಗೆ ಜೋಡಿಸುವ ಒಂದು ಪ್ರಮುಖ ದಾರಿ. ಟೂಲ್ ಏನನ್ನಾದರೂ ನಾಶ ಮಾಡಬಹುದೇ ಎಂದು ಸೂಚಿಸುವ ಗುರುತನ್ನು ಅದು 2025ರಲ್ಲಿ ಸೇರಿಸಿಕೊಂಡಿತು. ನಂಬಿಕಸ್ಥ ಸರ್ವರ್‌ನದ್ದಲ್ಲದಿದ್ದರೆ ಆ ಗುರುತನ್ನು ನಂಬಬೇಡಿ ಎಂದೂ, ತಡೆಯಬಲ್ಲ ಮನುಷ್ಯನೊಬ್ಬ ನಡುವೆ ಇರಲಿ ಎಂದೂ ಅದೇ ಹೇಳುತ್ತದೆ. ಪ್ರಾಮಾಣಿಕ ಮಾತು. ಆದರೆ ದಿನಕ್ಕೆ ನಲವತ್ತು ಸಲ 'ಒಪ್ಪಿಗೆಯೇ?' ಎಂದು ಕೇಳಿದರೆ ಆ ಮನುಷ್ಯ ಓದದೆಯೇ ಬಟನ್ ಒತ್ತುತ್ತಾನೆ. ನಾನೂ ಒತ್ತಿದ್ದೇನೆ.

ನಿಜಕ್ಕೂ ಹೆದರಬೇಕಾದದ್ದು ಇನ್ನೊಂದಕ್ಕೆ. ಲಿಂಕ್ ರದ್ದು ಮಾಡಲು ಏಜೆಂಟ್ ಬಳಸುವುದು ಆ್ಯಪ್‌ನ ಸೀಕ್ರೆಟ್ ಕೀ. ಅದೇ ಕೀ ಯಾವ ಬಳಕೆದಾರನ ಹೆಸರಿಗೂ ಹೊಸ ಲಿಂಕ್ ಹುಟ್ಟಿಸುತ್ತದೆ. ಬೀಗ ಹಾಕಿ ಬಾ ಎಂದು ಕಳಿಸಿದವನ ಕೈಗೆ ಕೀಲಿ ಮಾಡುವ ಯಂತ್ರವನ್ನೇ ಕೊಟ್ಟಂತಾಯಿತು. ಏಜೆಂಟ್ ಓದುವ ಯಾವುದೋ ಇ-ಮೇಲ್‌ನಲ್ಲಿ ಕಿಡಿಗೇಡಿಯೊಬ್ಬ ಒಂದು ಸಾಲು ಹುದುಗಿಸಿಟ್ಟರೆ ಸಾಕು, ಆ ಯಂತ್ರ ಅವನಿಗಾಗಿ ಓಡಬಹುದು.

ಟೂಲ್ ಬೇಡ ಎನ್ನಲಾರೆ. ಸಣ್ಣ ತಂಡ ನಡೆಸುತ್ತಿರುವವರಲ್ಲಿ ಒಂದು ಬಿನ್ನಹ: ಸೀಕ್ರೆಟ್ ಕೀ ನಿಮ್ಮ ಸರ್ವರ್‌ನಲ್ಲೇ ಇರಲಿ. ಲಿಂಕ್ ರದ್ದು ಮಾಡಿ, ಬೆನ್ನಲ್ಲೇ ಆ ಬಳಕೆದಾರನ ಎಲ್ಲ ಸೆಷನ್ ಮುಗಿಸಿ, ಎಷ್ಟು ಲಿಂಕ್ ಎಷ್ಟು ಸೆಷನ್ ಎಂದು ಲೆಕ್ಕ ಒಪ್ಪಿಸುವ ಒಂದೇ ಒಂದು ಆಜ್ಞೆಯನ್ನು ನೀವೇ ಬರೆದು ಏಜೆಂಟ್‌ಗೆ ಕೊಡಿ. ಅದಕ್ಕೆ ಒಂದು ಮಧ್ಯಾಹ್ನ ಸಾಕು.