ಕೌದಿಯ ಬೆನ್ನು

ಘಾಟಿ ಸುಬ್ರಹ್ಮಣ್ಯದ ಗುಡಿಯಲ್ಲಿ ಒಂದೇ ಶಿಲೆಯ ಮುಂಬದಿಗೆ ಸುಬ್ರಹ್ಮಣ್ಯನೂ ಹಿಂಬದಿಗೆ ನರಸಿಂಹನೂ ಇದ್ದಾರೆ. ಹಿಂಬದಿಯ ಮೂರ್ತಿಯು ಕಾಣಲೆಂದು ಅಲ್ಲಿ ಕನ್ನಡಿಯನ್ನಿರಿಸಿದ್ದಾರೆ. ಆ ಕ್ಷೇತ್ರದ ದನಗಳ ಜಾತ್ರೆಗೆ ಒಮ್ಮೆ ಹೋಗಿದ್ದಾಗ, ಗದಗ ಸೀಮೆಯಿಂದ ಎತ್ತು ಕೊಳ್ಳಲು ಬಂದಿದ್ದ ಕುಟುಂಬದ ವೃದ್ಧ ತಾಯಿಯೊಬ್ಬರು ಕೌದಿ ಹೊಲಿಯುತ್ತ ಕುಳಿತಿದ್ದರು. ಅದರ ಬಣ್ಣಗಳನ್ನು ನಾವು ಮೆಚ್ಚಿದಾಗ ಅವರೆಂದರು: “ಮ್ಯಾಲಿನ ಬಣ್ಣ ನೋಡಬ್ಯಾಡ್ರಿ ಅಜ್ಜಾರ, ಹೊಳ್ಳಿಸಿ ನೋಡ್ರಿ. ಹೊಲಿಗಿ ಅಲ್ಲಿ ಗೊತ್ತಾಗ್ತೈತಿ.”

ವಿಮರ್ಶೆಗೆ ಇದಕ್ಕಿಂತ ಮಿಗಿಲಾದ ಸೂತ್ರ ಬೇಕಿಲ್ಲ. ಸಂಕಲನ ಗ್ರಂಥವನ್ನು ‘ಕೌದಿ’ ಎಂದು ಹಳಿಯುವವರು ಕೌದಿ ಹೊಲಿಯುವ ಕಷ್ಟವನ್ನು ಅರಿಯರು. ಹಳೆಯ ಸೀರೆ ಧೋತರಗಳನ್ನು ಒಗೆದು, ಗಟ್ಟಿ ಉಳಿದ ಭಾಗವನ್ನಷ್ಟೇ ಆಯ್ದು, ಪದರದ ಮೇಲೆ ಪದರವಿಟ್ಟು ಹೊಲಿಯಬೇಕು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸ್ತ್ರೀಯರು ಅಂಚಿನಿಂದ ತೊಡಗಿ, ಸುತ್ತು ಸುತ್ತಾಗಿ ಹೊಲಿಯುತ್ತ ನಡುವಿಗೆ ಬರುತ್ತಾರೆ. ಒಂದು ಸುತ್ತನ್ನೂ ಹಾರಿಸುವಂತಿಲ್ಲ.

ನಮ್ಮ ಸಾಹಿತ್ಯದಲ್ಲಿ ಇಂತಹ ತಾಳ್ಮೆಯ ಮಹಾಕೃತಿಯೆಂದರೆ ಶೂನ್ಯಸಂಪಾದನೆ. ಹನ್ನೆರಡನೆಯ ಶತಮಾನದ ಶರಣರ ಬಿಡಿ ವಚನಗಳನ್ನು ಅಲ್ಲಮಪ್ರಭುವಿನ ಸುತ್ತ ಸಂವಾದವಾಗಿ ಮೊದಲು ಜೋಡಿಸಿದವರು ಹದಿನೈದನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನವರು. ಬಳಿಕ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಪರಿಷ್ಕರಿಸಿದರು. ಹೊಲಿಗೆ ಬಿಚ್ಚಿ ಮತ್ತೆ ಹೊಲಿದ ಕೈಗಳು ನಾಲ್ಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರವರೆಗೆ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದುದು ಗೂಳೂರಿನವರ ಪಾಠವನ್ನೇ.

ಇದನ್ನು ಓದುವವರಲ್ಲಿ ಎರಡು ಪಕ್ಷಗಳಿವೆ. ಅನುಭವಮಂಟಪದಲ್ಲಿ ನಡೆದ ಮಾತುಗಳ ಯಥಾವತ್ತಾದ ದಾಖಲೆ ಇದೆಂದು ನಂಬುವುದು ಒಂದು ಪಕ್ಷ; ಹೊಲಿಗೆ ಕಂಡೊಡನೆ ಇದು ಕಟ್ಟುಕಥೆಯೆಂದು ಬದಿಗಿಡುವುದು ಇನ್ನೊಂದು. ಮೊದಲನೆಯವರು ಬೆನ್ನನ್ನು ನೋಡಲಿಲ್ಲ. ಎರಡನೆಯವರು ಬೆನ್ನನ್ನಲ್ಲದೆ ಬೇರೇನನ್ನೂ ನೋಡಲಿಲ್ಲ.

ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದ ಪ್ರಸಂಗವನ್ನು ಪರಿಶೀಲಿಸೋಣ. ಪ್ರಭುವು ಪರೀಕ್ಷಕನಾಗಿ ಪ್ರಶ್ನಿಸುತ್ತಾನೆ. ಅಕ್ಕನ ವಚನಗಳು ಉತ್ತರಗಳಾಗುತ್ತವೆ. ಸಂಪಾದಕರ ಗದ್ಯವು ಅವುಗಳ ನಡುವೆ ದಾರವಾಗಿ ಹಾಯುತ್ತದೆ. ಚೂರಿಗೆ ಚೂರು ಕೂಡಿ, ಬಿಡಿ ವಚನದಲ್ಲಿ ಕಾಣದ ಸಾಧನೆಯ ಕ್ರಮವೊಂದು ಇಲ್ಲಿ ಗೋಚರಿಸುತ್ತದೆ. ಇದು ಲಾಭ. ಆದರೆ ಚೆನ್ನಮಲ್ಲಿಕಾರ್ಜುನನೊಬ್ಬನಿಗೇ ಆಡಿದಂತಿರುವ ಮಾತು ಸಭೆಯ ಮುಂದಿನ ಸಮರ್ಥನೆಯಾದಾಗ ಅದರ ಏಕಾಂತ ಕಳೆಯುತ್ತದೆ. ಇದು ನಷ್ಟ. ಇಲ್ಲಿ ದಾರವು ಬಟ್ಟೆಯನ್ನು ತುಸು ಬಿಗಿಯಾಗಿಯೇ ಎಳೆದಿದೆಯೆಂಬುದು ನಮ್ಮ ಅಭಿಪ್ರಾಯ. ಹೀಗೆನ್ನುವುದು ಸಂಪಾದಕರಿಗೆ ಅಗೌರವವಲ್ಲ, ಅಕ್ಕನಿಗೆ ಸಲ್ಲಬೇಕಾದ ನ್ಯಾಯ. ಉತ್ತರವೆಂದೇ ಕಂಠಸ್ಥವಾದ ವಚನವನ್ನು ನಾವು ವಚನವಾಗಿ ಕೇಳುವುದನ್ನೇ ಮರೆತುಬಿಡುತ್ತೇವೆ.

ಆದುದರಿಂದ ಓದುಗರು ಆ ಪ್ರಸಂಗವನ್ನು ಒಮ್ಮೆ ಸಂಪಾದನೆಯಲ್ಲಿಯೂ, ಮತ್ತೊಮ್ಮೆ ಅಕ್ಕನ ಬಿಡಿ ವಚನಗಳಲ್ಲಿಯೂ ಓದಬೇಕು. ಹೊಲಿದವರು ತಲೆಮಾರುಗಳ ಕಾಲ ತಾಳ್ಮೆ ವಹಿಸಿದರು. ಹೊಳ್ಳಿಸಿ ನೋಡಲು ನಮಗೆ ಒಂದು ಸಂಜೆಯ ತಾಳ್ಮೆಯಾದರೂ ಬೇಡವೆ?