ಸಿಗ್ನಲ್ ತಲುಪಿದಷ್ಟೇ ಸೀಮೆ

ಕುದುರೆಯ ಮೇಲೆ ಕವಚ ತೊಟ್ಟ ಒಬ್ಬ ಸವಾರ. ಕುದುರೆಯೂ ಬೆಳ್ಳಿ, ಸವಾರನೂ ಬೆಳ್ಳಿ. ಮೂರ್ತಿ ನಿಧಾನವಾಗಿ ತಿರುಗುತ್ತದೆ, ತುತ್ತೂರಿಗಳು ಮೊಳಗುತ್ತವೆ, ಸಂಗೀತ ಮುಗಿಯುವ ಹೊತ್ತಿಗೆ ಕ್ಯಾಮೆರಾ ಭರ್ಜಿಯ ತುದಿಗೆ ಕಟ್ಟಿದ ಪುಟ್ಟ ಬಾವುಟದ ಹತ್ತಿರ ಹೋಗುತ್ತದೆ. ಬಾವುಟದ ಮೇಲೆ ‘ಆಂಗ್ಲಿಯಾ’ ಎಂಬ ಹೆಸರು. ಇಂಗ್ಲೆಂಡಿನ ಪೂರ್ವ ಭಾಗದ ಜನ 1959ರಿಂದ 1988ರವರೆಗೆ ತಮ್ಮ ಟಿ.ವಿ.ಯಲ್ಲಿ ಈ ಸವಾರನನ್ನು ನೋಡಿದರು. ಕಾರ್ಯಕ್ರಮಕ್ಕೆ ಮುಂಚೆ ಕೆಲವೇ ಸೆಕೆಂಡು ಬಂದುಹೋಗುವ ಇಂಥ ಲಾಂಛನವನ್ನು ಅಲ್ಲಿ ‘ಐಡೆಂಟ್’ ಎನ್ನುತ್ತಾರೆ.

ಈ ಸವಾರನಿಗೂ ಆ ಸೀಮೆಗೂ ಏನು ಸಂಬಂಧ? ಹುಡುಕಿದರೆ ಏನೂ ಇಲ್ಲ. ಮೂರ್ತಿಯನ್ನು 1850ರಲ್ಲಿ ಪಂದ್ಯದ ಬಹುಮಾನಕ್ಕೆಂದು ಮಾಡಿಸಿದವನು ನೆದರ್‌ಲ್ಯಾಂಡ್ಸ್‌ನ ದೊರೆ ಮೂರನೆಯ ವಿಲಿಯಂ. ನೂರು ವರ್ಷಗಳ ಮೇಲೆ ಆಂಗ್ಲಿಯಾ ಕಂಪನಿ ಅದನ್ನು ಲಂಡನ್ನಿನ ಒಂದು ದುಬಾರಿ ಒಡವೆ ಅಂಗಡಿಯಲ್ಲಿ ಕೊಂಡಿತು. ಹಿನ್ನೆಲೆಯ ಸಂಗೀತ ಹ್ಯಾಂಡೆಲ್‌ನ ‘ವಾಟರ್ ಮ್ಯೂಸಿಕ್’. ಜರ್ಮನಿಯಲ್ಲಿ ಹುಟ್ಟಿದ ಸಂಗೀತಗಾರ, ಲಂಡನ್ನಿನ ಥೇಮ್ಸ್ ನದಿಯಲ್ಲಿ ದೋಣಿವಿಹಾರ ಹೊರಟ ರಾಜನಿಗಾಗಿ ರಚಿಸಿದ್ದು. ಡಚ್ಚರ ಬಹುಮಾನ, ಲಂಡನ್ನಿನ ಅಂಗಡಿ, ಥೇಮ್ಸ್‌ನ ಸಂಗೀತ. ಇಷ್ಟೆಲ್ಲ ಎರವಲು ಸೇರಿ ನಾರಿಚ್ ಪಟ್ಟಣದ ಸ್ವಂತ ಗುರುತಾಯಿತು. ಇದನ್ನು ಮೋಸ ಎಂದು ತಳ್ಳಿಹಾಕುವುದು ಸುಲಭ. ಆ ಸುಲಭದ ತೀರ್ಮಾನ ಸಾಲದು ಎಂದು ನನಗನ್ನಿಸುತ್ತದೆ.

ಈ ಚಿಹ್ನೆಗಳು ನನ್ನ ಬಾಲ್ಯದವಲ್ಲ. ನಾನು ಇವನ್ನು ನೋಡಿದ್ದು ಯೂಟ್ಯೂಬಿನಲ್ಲಿ, ಯಾರೋ ಹಳೆಯ ಟೇಪಿನಿಂದ ಎತ್ತಿ ಹಾಕಿದ ಮಸುಕು ತುಣುಕುಗಳಲ್ಲಿ. ಆದ್ದರಿಂದ ಇವುಗಳ ಬಗ್ಗೆ ನನಗೆ ಹಂಬಲವಿಲ್ಲ, ಕುತೂಹಲವಿದೆ. ಹಂಬಲದ ಬರಹಗಳು ಬ್ರಿಟನ್ನಿನಲ್ಲಿ ಬೇಕಾದಷ್ಟು ಬಂದಿವೆ. ಅವು ಒಂದು ಮುಖ್ಯ ಸಂಗತಿಯನ್ನು ಬಿಟ್ಟುಬಿಡುತ್ತವೆ. ಈ ಚಿತ್ರಗಳೆಲ್ಲ ಮೊದಲು ಕೆಲಸದ ವಸ್ತುಗಳಾಗಿದ್ದವು.

ಸ್ವಲ್ಪ ಹಿನ್ನೆಲೆ ಬೇಕು. 1955ರ ಸೆಪ್ಟೆಂಬರ್ 22ರಂದು ಲಂಡನ್ನಿನಲ್ಲಿ ಐಟಿವಿ ಶುರುವಾದಾಗ ಬಿಬಿಸಿಯ ಏಕಸ್ವಾಮ್ಯ ಮುರಿಯಿತು. ಐಟಿವಿ ಒಂದೇ ಕಂಪನಿಯಾಗಿರಲಿಲ್ಲ. ದೇಶವನ್ನು ತುಂಡು ಮಾಡಿ ಒಂದೊಂದನ್ನು ಒಂದೊಂದು ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟರು. ಮ್ಯಾಂಚೆಸ್ಟರಿನಲ್ಲಿ ಗ್ರನಾಡಾ, ಸೌತಾಂಪ್ಟನ್ನಿನಲ್ಲಿ ಸದರ್ನ್, ನಾರಿಚ್‌ನಲ್ಲಿ ಆಂಗ್ಲಿಯಾ, ಪ್ಲಿಮತ್‌ನಲ್ಲಿ ವೆಸ್ಟ್‌ವರ್ಡ್, ಬೆಲ್‌ಫಾಸ್ಟ್‌ನಲ್ಲಿ ಅಲ್ಸ್ಟರ್, ಲೀಡ್ಸ್‌ನಲ್ಲಿ ಯಾರ್ಕ್‌ಷೈರ್. ಜಾಹೀರಾತಿನ ಹಣ ಕಂಪನಿಗೆ, ಆ ಕಡೆಯ ಸುದ್ದಿ ಮತ್ತು ಕಾರ್ಯಕ್ರಮಗಳನ್ನು ಕೊಡುವ ಹೊಣೆಯೂ ಕಂಪನಿಗೆ.

ಹಾಗಾದರೆ ಒಂದು ಸೀಮೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ? ಕನ್ನಡದಲ್ಲಿ ‘ಸೀಮೆ’ ಎಂದರೆ ಪ್ರದೇಶವೂ ಹೌದು, ಎಲ್ಲೆಯೂ ಹೌದು. ಐಟಿವಿಯ ನಕ್ಷೆಗೆ ಎರಡೂ ಅರ್ಥ ಒಟ್ಟಿಗೆ ಹೊಂದುತ್ತವೆ. ಅಲ್ಲಿ ನುಡಿ, ಬೆಳೆ, ಇತಿಹಾಸ ಯಾವುದೂ ಗಡಿಯನ್ನು ಕೊನೆಯದಾಗಿ ತೀರ್ಮಾನಿಸಲಿಲ್ಲ. ಪ್ರಸಾರ ಗೋಪುರದ ಸಿಗ್ನಲ್ ಎಲ್ಲಿಯವರೆಗೆ ತಲುಪುತ್ತದೋ ಅಲ್ಲಿಯವರೆಗೆ ಆ ಸೀಮೆ. ಲಿಂಕನ್‌ಷೈರಿನ ಬೆಲ್ಮಾಂಟ್ ಗೋಪುರ ಮೊದಲು ಆಂಗ್ಲಿಯಾದ್ದಾಗಿತ್ತು. 1974ರಲ್ಲಿ ಅದನ್ನು ಯಾರ್ಕ್‌ಷೈರ್ ಟೆಲಿವಿಷನ್‌ಗೆ ವರ್ಗಾಯಿಸಿದರು. ಅಲ್ಲಿಯ ಜನ ಮನೆ ಬದಲಿಸಲಿಲ್ಲ, ಅವರ ಊರು ಕದಲಲಿಲ್ಲ. ಆದರೂ ಬೆಳ್ಳಿಯ ಸವಾರ ಹೋಗಿ, ಯಾರ್ಕ್‌ಷೈರಿನ ಬಾಣದ ಮೊನೆಯಂಥ ಚಿಹ್ನೆ ಬಂತು. 1969ರ ಮಾರ್ಚ್ 19ರಂದು ಎಮ್ಲಿ ಮೂರ್ ಎಂಬಲ್ಲಿದ್ದ 385 ಮೀಟರ್ ಎತ್ತರದ ಉಕ್ಕಿನ ಗೋಪುರ ಮಂಜುಗಡ್ಡೆಯ ಭಾರಕ್ಕೆ ಕುಸಿದುಬಿತ್ತು. ಒಂದು ಸಂಜೆ ಯಾರ್ಕ್‌ಷೈರ್ ಟೆಲಿವಿಷನ್ನಿನ ಸೀಮೆಯ ಬಹುಪಾಲು ಹಾಗೆಯೇ ಅಳಿಸಿಹೋಯಿತು.

ಇಷ್ಟು ಆಕಸ್ಮಿಕವಾದ ಗಡಿಯೊಳಗೆ ಅಭಿಮಾನ ಹೇಗೆ ಹುಟ್ಟಿತು? ಚಿಹ್ನೆಯ ಚೆಲುವು ಇದಕ್ಕೆ ಪೂರ್ತಿ ಕಾರಣವಲ್ಲ, ಏಕೆಂದರೆ ಎಲ್ಲವೂ ಚೆಲುವಾಗಿರಲಿಲ್ಲ. ಲಂಡನ್ನಿನ ಥೇಮ್ಸ್ ಕಂಪನಿಯ ಐಡೆಂಟ್‌ನಲ್ಲಿ ನಗರದ ಪ್ರಸಿದ್ಧ ಕಟ್ಟಡಗಳು ಒತ್ತೊತ್ತಾಗಿ ನಿಂತು ನೀರಿನಲ್ಲಿ ಪ್ರತಿಬಿಂಬಿಸುತ್ತವೆ. ಅದು ಪ್ರವಾಸಿಗರ ಅಂಚೆ ಕಾರ್ಡು, ಲಂಡನ್ನಿನ ನಿವಾಸಿಗೆ ಅದರಲ್ಲಿ ಹೊಸದೇನೂ ಇಲ್ಲ. ಅದಕ್ಕೆ ಹೋಲಿಸಿದರೆ ಗ್ರನಾಡಾದ ಮೇಲ್ಮುಖ ಬಾಣ ಎಷ್ಟೋ ಚುರುಕು. ‘ಉತ್ತರದಿಂದ’ ಎಂದು ಅದು ಒಂದೇ ಗೆರೆಯಲ್ಲಿ ಹೇಳುತ್ತದೆ. ಹೇಳುವುದು ಲಂಡನ್ನಿಗೆ ಎಂಬುದೂ ಗೊತ್ತಾಗುತ್ತದೆ. ಅಲ್ಸ್ಟರ್‌ನ ಏಳು ಚುಕ್ಕಿಗಳನ್ನು ಸೇರಿಸುವ ಗೆರೆ ನನಗೆ ಇನ್ನೂ ಇಷ್ಟ. ಧ್ವಜ, ಬಣ್ಣ, ಪಂಥ ಎಲ್ಲದರ ಮೇಲೂ ಜಗಳವಿದ್ದ ನಾಡಿನಲ್ಲಿ ಯಾರ ಪಕ್ಷವನ್ನೂ ವಹಿಸದ ಒಂದು ಆಕಾರ ಅದು.

ಅಭಿಮಾನದ ನಿಜವಾದ ಮೂಲ ಬೇರೆ ಕಡೆ ಇತ್ತು. ವೆಸ್ಟ್‌ವರ್ಡ್ ಕಂಪನಿಯ ಲಾಂಛನ ನಾವಿಕ ಡ್ರೇಕ್‌ನ ‘ಗೋಲ್ಡನ್ ಹೈಂಡ್’ ಹಡಗಿನ ಬೆಳ್ಳಿಯ ಮಾದರಿ. ಆದರೆ ಅಲ್ಲಿಯ ಜನ ಇಂದಿಗೂ ಹಡಗಿಗಿಂತ ಹೆಚ್ಚಾಗಿ ನೆನೆಯುವುದು ಗಸ್ ಹನಿಬನ್ ಎಂಬ ಮೊಲದ ಬೊಂಬೆಯನ್ನು. ನಿರೂಪಕರು ಹುಟ್ಟುಹಬ್ಬದ ಮಕ್ಕಳ ಹೆಸರು ಓದುತ್ತಿದ್ದರು, ಮೊಲ ಅವರಿಗಾಗಿ ಕುಪ್ಪಳಿಸುತ್ತಿತ್ತು. ಕಾರ್ನ್‌ವಾಲಿನ ಒಂದು ಹಳ್ಳಿಯ ಮಗುವಿನ ಹೆಸರು ಪರದೆಯಿಂದ ಕೇಳಿಬರುತ್ತದೆ ಎಂದರೆ ಆ ಪರದೆಗೆ ಒಂದು ವಿಳಾಸವಿದೆ ಎಂದರ್ಥ. ಪತ್ರ ಹಾಕಿದರೆ ಪ್ಲಿಮತ್‌ನಲ್ಲಿ ಒಬ್ಬರು ಒಡೆದು ಓದುತ್ತಾರೆ. ಹಡಗಿನ ಚಿತ್ರ ಆ ವಿಳಾಸದ ಮೇಲಿನ ಮೊಹರು. ಅಂಚೆ ತಲುಪುತ್ತಿದ್ದುದರಿಂದ ಮೊಹರಿಗೂ ಬೆಲೆ ಬಂತು. ಸವಾರ ಡಚ್ಚನೋ ಇಂಗ್ಲಿಷನೋ ಎಂಬ ಪ್ರಶ್ನೆ ಯಾರನ್ನೂ ಕಾಡಲಿಲ್ಲ.

ಕೆಲಸದ ಮಾತನ್ನು ಇನ್ನೂ ಸ್ಪಷ್ಟವಾಗಿ ತೋರಿಸುವುದು ಟೆಸ್ಟ್ ಕಾರ್ಡ್. ಬಿಬಿಸಿಯ ಎರಡನೆಯ ಚಾನೆಲ್ಲಿನಲ್ಲಿ ವರ್ಣಪ್ರಸಾರ ಶುರುವಾದ ಮರುದಿನ, 1967ರ ಜುಲೈ 2ರಂದು, ‘ಟೆಸ್ಟ್ ಕಾರ್ಡ್ ಎಫ್’ ಮೊದಲು ಪ್ರಸಾರವಾಯಿತು. ನಡುವಿನ ವೃತ್ತದಲ್ಲಿ ಎಂಟು ವರ್ಷದ ಹುಡುಗಿ ಕ್ಯಾರಲ್ ಹರ್ಸಿ, ಪಕ್ಕದಲ್ಲಿ ಬಬಲ್ಸ್ ಎಂಬ ಕೋಡಂಗಿ ಬೊಂಬೆ, ಕರಿಹಲಗೆಯ ಮೇಲೆ ಸೊನ್ನೆ-ಕತ್ತರಿ ಆಟ. ಕಾರ್ಡನ್ನು ರೂಪಿಸಿದ ಎಂಜಿನಿಯರ್ ಜಾರ್ಜ್ ಹರ್ಸಿ ಆಕೆಯ ತಂದೆ. ಹಗಲಿನಲ್ಲಿ ಕಾರ್ಯಕ್ರಮವಿಲ್ಲದ ಹೊತ್ತಿನಲ್ಲೂ ಅಂಗಡಿಯವರು ಗಿರಾಕಿಗೆ ಟಿ.ವಿ. ತೋರಿಸಬೇಕು, ಮೆಕ್ಯಾನಿಕ್‌ಗಳು ಮನೆಯಲ್ಲಿ ಅದನ್ನು ಸರಿಪಡಿಸಬೇಕು. ಅವರಿಗೆ ಒಂದು ಸ್ಥಿರ ಚಿತ್ರ ಬೇಕಿತ್ತು.

ಆ ಚಿತ್ರದಲ್ಲಿ ಅಲಂಕಾರಕ್ಕೆಂದು ಇಟ್ಟದ್ದು ಬಹಳ ಕಡಿಮೆ. ಹಲಗೆಯ ಮೇಲಿನ ಒಂದು ಕತ್ತರಿ ಗುರುತು ಇಡೀ ಪರದೆಯ ಕರಾರುವಾಕ್ಕಾದ ಕೇಂದ್ರ. ಹಳೆಯ ವರ್ಣ ಟಿ.ವಿ.ಯಲ್ಲಿ ಕೆಂಪು, ಹಸಿರು, ನೀಲಿಗೆ ಮೂರು ಪ್ರತ್ಯೇಕ ಕಿರಣಗಳಿದ್ದವು. ಅವು ಒಂದೇ ಬಿಂದುವಿಗೆ ಬೀಳದಿದ್ದರೆ ಕಪ್ಪಿನ ಮೇಲಿನ ಬಿಳಿ ಗೆರೆಯ ಅಂಚಿನಲ್ಲಿ ಬಣ್ಣ ಒಡೆದು ಕಾಣುತ್ತಿತ್ತು. ಅಂಚಿನ ತ್ರಿಕೋನಗಳು ಚಿತ್ರ ಎಷ್ಟು ಕತ್ತರಿಸಿಹೋಗಿದೆ ಎಂದು ತೋರಿಸುತ್ತಿದ್ದವು. ಹತ್ತಿರ ಹತ್ತಿರದ ಗೆರೆಗಳ ಪಟ್ಟಿಗಳು ಸೂಕ್ಷ್ಮತೆಯ ಪರೀಕ್ಷೆ. ಹುಡುಗಿಯ ಮುಖ ಚರ್ಮದ ಬಣ್ಣದ ಪರೀಕ್ಷೆ, ಏಕೆಂದರೆ ಮುಖದ ಬಣ್ಣ ಸ್ವಲ್ಪ ಕೆಟ್ಟರೂ ಯಾರ ಕಣ್ಣಿಗಾದರೂ ಹೊಡೆಯುತ್ತದೆ. ದೊಡ್ಡವರನ್ನು ಕೂರಿಸಿದರೆ ಉಡುಪು, ಪ್ರಸಾಧನ ಬೇಗ ಹಳತಾಗುತ್ತದೆಂದು ಮಗುವನ್ನು ಆರಿಸಿದರು. ಕಾಲದ ಗುರುತು ಅಂಟಬಾರದೆಂದು ಆರಿಸಿದ ಮುಖವೇ ಈಗ ಆ ಕಾಲದ ಗುರುತಾಗಿ ನಿಂತಿದೆ. ಸುಮಾರು 70,000 ಗಂಟೆ ಪ್ರಸಾರವಾಗಿರಬಹುದೆಂಬ ಅಂದಾಜಿರುವ ಚಿತ್ರಕ್ಕೆ ಇದು ತಪ್ಪುವಂತಿರಲಿಲ್ಲವೇನೋ.

ಮುಂದಿನ ತಲೆಮಾರು ಈ ಚಿತ್ರವನ್ನು ದೆವ್ವವಾಗಿಸಿತು. 2006ರಲ್ಲಿ ಬಂದ ಬಿಬಿಸಿಯ ‘ಲೈಫ್ ಆನ್ ಮಾರ್ಸ್’ ಧಾರಾವಾಹಿಯಲ್ಲಿ ಕಾರು ಬಡಿದು 1973ರ ಮ್ಯಾಂಚೆಸ್ಟರಿನಲ್ಲಿ ಎಚ್ಚರಗೊಳ್ಳುವ ಪೊಲೀಸನಿಗೆ ಟೆಸ್ಟ್ ಕಾರ್ಡಿನ ಹುಡುಗಿ ಪರದೆಯಿಂದ ಹೊರಬಂದು ಕಾಣಿಸಿಕೊಳ್ಳುತ್ತಾಳೆ. ಕೊನೆಯ ಕಂತಿನ ಕೊನೆಯಲ್ಲಿ ಅವಳು ಕೈಚಾಚಿ ನಮ್ಮ ಟಿ.ವಿ.ಯನ್ನೇ ಆರಿಸುತ್ತಾಳೆ. ಇದು ಜಾಣ ಕಲ್ಪನೆ, ಒಪ್ಪುತ್ತೇನೆ. 2004ರಲ್ಲಿ ಶುರುವಾದ ‘ಘೋಸ್ಟ್ ಬಾಕ್ಸ್’ ಸಂಗೀತ ಸಂಸ್ಥೆಯೂ ಹಳೆಯ ಟಿ.ವಿ.ಯ ಇಂಥದೇ ನೆರಳುಗಳಿಂದ ತನ್ನ ಲೋಕ ಕಟ್ಟಿತು. ವಿಮರ್ಶಕ ಮಾರ್ಕ್ ಫಿಶರ್ ಈ ಪ್ರವೃತ್ತಿಗೆ ತಾತ್ವಿಕ ಬೆನ್ನೆಲುಬು ಕೊಟ್ಟ. ಅವನ ವಾದದ ಸಾರವಿಷ್ಟು: ಇವು ಕಾಡುವುದು ಹೋದ ಕಾಲಕ್ಕಾಗಿ ಅಲ್ಲ, ಆ ಕಾಲ ಭರವಸೆ ಕೊಟ್ಟು ಎಂದೂ ಬಾರದೆ ಹೋದ ಭವಿಷ್ಯಕ್ಕಾಗಿ.

ಫಿಶರ್‌ನ ಮಾತು ಬಿಬಿಸಿಗೆ ಒಪ್ಪಬಹುದು. ಐಟಿವಿಯ ಲಾಂಛನಗಳಿಗೆ ಅದು ಅರ್ಧ ಮಾತ್ರ ಸಲ್ಲುತ್ತದೆ. ಇವು ಲಾಭದ ಕಂಪನಿಗಳು. ಸ್ಕಾಟಿಷ್ ಟೆಲಿವಿಷನ್ನಿನ ಒಡೆಯ ರಾಯ್ ಥಾಮ್ಸನ್ ತನ್ನ ಪರವಾನಗಿಯನ್ನು ನೋಟು ಮುದ್ರಿಸುವ ಪರವಾನಗಿಗೆ ಹೋಲಿಸಿದ್ದು ಪ್ರಸಿದ್ಧ. ಅದನ್ನು ಮರೆಸಿ ಬರೀ ಮಂಜು ಮುಸುಕಿದ ಭಾವನೆಯನ್ನು ಉಳಿಸಿಕೊಂಡರೆ, ಆ ಲಾಭದಿಂದ ಊರಿನ ಸುದ್ದಿಯನ್ನೂ ಊರಿನ ಸ್ಟುಡಿಯೊವನ್ನೂ ಕಾನೂನು ವಸೂಲಿ ಮಾಡಿತ್ತು ಎಂಬ ಮುಖ್ಯ ಮಾತೂ ಮರೆತುಹೋಗುತ್ತದೆ. ದೆವ್ವಕ್ಕೆ ವಿಳಾಸ ಕೇಳುವವರಿಲ್ಲ, ಕಂಪನಿಯನ್ನು ಕೇಳಬಹುದಿತ್ತು.

ಅಂತ್ಯ ಹಂತಹಂತವಾಗಿ ಬಂತು. 1981ರ ಡಿಸೆಂಬರ್ 31ರಂದು ಗುತ್ತಿಗೆ ಕಳೆದುಕೊಂಡ ಸದರ್ನ್ ಕಂಪನಿ ವಿದಾಯದ ಕಾರ್ಯಕ್ರಮ ಮಾಡಿತು. ಅದರ ನಕ್ಷತ್ರ ಲಾಂಛನ ದೂರ ದೂರ ಸರಿದು ಆಕಾಶದ ಇತರ ನಕ್ಷತ್ರಗಳ ನಡುವೆ ಮರೆಯಾಗುತ್ತದೆ. ನಾನು ನೋಡಿದ ತುಣುಕುಗಳಲ್ಲಿ ಮನಸ್ಸು ಕಲಕಿದ್ದು ಇದೊಂದೇ. 1989ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಐಟಿವಿ ಲಾಂಛನ ಬಂತು. ‘ವಿ’ ಅಕ್ಷರದ ಒಳಗೆ ಮಾತ್ರ ಆಯಾ ಸೀಮೆಯ ಚಿಹ್ನೆಯ ಒಂದು ಚೂರು. ಕೆಲವು ಕಂಪನಿಗಳು ಅದನ್ನು ಬಳಸಲು ಒಪ್ಪಲಿಲ್ಲ. 1990ರ ಕಾಯಿದೆಯ ನಂತರ ಪರವಾನಗಿಗಳು ಹರಾಜಿಗೆ ಬಂದವು. ಎದುರಾಳಿಯಿಲ್ಲದ ಸೆಂಟ್ರಲ್ ಕಂಪನಿ ವರ್ಷಕ್ಕೆ 2,000 ಪೌಂಡ್ ಬಿಡ್ ಮಾಡಿ ಮಿಡ್‌ಲ್ಯಾಂಡ್ಸ್ ಸೀಮೆಯನ್ನು ಉಳಿಸಿಕೊಂಡಿತು, ಥೇಮ್ಸ್ ತನ್ನ ಲಂಡನ್ನನ್ನು ಕಳೆದುಕೊಂಡಿತು. 2002ರ ಅಕ್ಟೋಬರ್ 28ರಂದು ಇಂಗ್ಲೆಂಡಿನ ಹಳೆಯ ಹೆಸರುಗಳು ದಿನನಿತ್ಯದ ಪರದೆಯಿಂದ ಸರಿದವು. ಎರಡು ವರ್ಷಗಳೊಳಗೆ ಗ್ರನಾಡಾ ಮತ್ತು ಕಾರ್ಲ್‌ಟನ್ ಒಂದಾಗಿ ಒಂದೇ ದೊಡ್ಡ ಕಂಪನಿಯಾಯಿತು.

ಇದರಲ್ಲಿ ಒಂದು ಕ್ರಮವಿದೆ. ಮೊದಲು ಹಣ ಒಂದು ಕಡೆ ಸೇರಿತು, ತೀರ್ಮಾನಗಳು ಲಂಡನ್ನಿಗೆ ಹೋದವು, ಚಿಹ್ನೆ ಕೊನೆಗೆ ಹೋಯಿತು. ಆದ್ದರಿಂದ ಸವಾರನನ್ನು ಅಂಗಿಯ ಮೇಲೋ ಚಹಾ ಲೋಟದ ಮೇಲೋ ಮುದ್ರಿಸಿ ಮಾರುವುದರಿಂದ ಏನೂ ಮರಳಿ ಬರುವುದಿಲ್ಲ. ಆಂಗ್ಲಿಯಾ ಎಂಬ ಹೆಸರು ಇಂದಿಗೂ ಉಳಿದಿರುವುದು ಸಂಜೆಯ ಪ್ರಾದೇಶಿಕ ಸುದ್ದಿಯ ಮೇಲೆ. ಬೆಳ್ಳಿಯೂ ಇಲ್ಲ, ಹ್ಯಾಂಡೆಲ್‌ನೂ ಇಲ್ಲ. ಆದರೆ ಆ ಸುದ್ದಿಯಲ್ಲಿ ಇನ್ನೂ ನಾರಿಚ್‌ನ ರಸ್ತೆಗಳ ಹೆಸರು ಬರುತ್ತದೆ. ಹಳೆಯ ಲಾಂಛನಗಳನ್ನು ಪ್ರೀತಿಸುವವರು ಕಾಯಬೇಕಾದದ್ದು ಅದನ್ನು.