ತಿರುಗಿಸಿದಷ್ಟೂ ಬೆರೆಯದ ಪುಡಿ

ವೇರೂಳಿನ (ಎಲ್ಲೋರಾ) ಗುಹೆಗಳ ಮಣ್ಣುಗಾರೆಯಲ್ಲಿ ಭಂಗಿ ಗಿಡದ ಚೂರುಗಳು ಬೆರೆತಿವೆ ಎಂದು 2016ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯ ಲೇಖನವೊಂದು ತಿಳಿಸಿತ್ತು. ಒಂದನ್ನು ಇನ್ನೊಂದರಲ್ಲಿ ಸಮನಾಗಿ ಬೆರೆಸುವ ಕೆಲಸ ಆ ಸೀಮೆಯಲ್ಲಿ ಇಂದಿಗೂ ನಿಂತಿಲ್ಲ. ಛತ್ರಪತಿ ಸಂಭಾಜಿನಗರದ ವಾಳೂಜ್, ಚಿಕಲ್‌ಠಾಣಾಗಳಲ್ಲಿ, ನಾಶಿಕ್‌ನ ಸಾತ್ಪುರ, ಅಂಬಡ್‌ಗಳಲ್ಲಿ ಔಷಧ ಕಾರ್ಖಾನೆಗಳಿವೆ. ಮಾತ್ರೆಯ ಗುಣ ಬಹುಮಟ್ಟಿಗೆ ತೀರ್ಮಾನವಾಗುವುದು ಪುಡಿಗಳನ್ನು ಬೆರೆಸುವ ಬ್ಲೆಂಡರಿನಲ್ಲಿ. ಥೈರಾಯ್ಡ್ ಮಾತ್ರೆಯೊಂದರಲ್ಲಿ ಔಷಧ 50 ಮೈಕ್ರೋಗ್ರಾಂ ಇದ್ದು, ಮಾತ್ರೆ 100 ಮಿಲಿಗ್ರಾಂ ತೂಗಿದರೆ, ಎರಡು ಸಾವಿರ ಪಾಲಿನಲ್ಲಿ ಔಷಧ ಒಂದೇ ಪಾಲು. ಅದು ಒಂದು ಮಾತ್ರೆಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಆಗುವಂತಿಲ್ಲ.

ಉಕ್ಕಿನ ಗೋಡೆಯೊಳಗೆ ನಡೆಯುವುದು ಕಣ್ಣಿಗೆ ಬೀಳದು. ಅದನ್ನು ಕಂಪ್ಯೂಟರಿನ ಲೆಕ್ಕದಲ್ಲಿ ಕಾಣಿಸುವ ಡಿಸ್ಕ್ರೀಟ್ ಎಲಿಮೆಂಟ್ ವಿಧಾನವನ್ನು ಪೀಟರ್ ಕುಂಡಲ್, ಒಟ್ಟೊ ಸ್ಟ್ರ್ಯಾಕ್ 1979ರಲ್ಲಿ ಮಂಡಿಸಿದ್ದು ಮಣ್ಣು, ಮರಳಿನ ನಡೆ ತಿಳಿಯಲು; ಔಷಧದವರು ಆಮೇಲೆ ಕೈಗೆತ್ತಿಕೊಂಡರು. ಪ್ರತಿ ಕಣವೂ ಒಂದು ಗೋಲಿ. ಪಕ್ಕದ ಗೋಲಿಗೆ ತಾಗಿದಾಗ ಎಷ್ಟು ಒತ್ತಿತು, ಎಷ್ಟು ಉಜ್ಜಿತು ಎಂದು ಲೆಕ್ಕಹಾಕಿ, ನ್ಯೂಟನ್ನನ ನಿಯಮದಂತೆ ಕೂದಲೆಳೆಯಷ್ಟು ಸರಿಸುವುದು, ಮತ್ತೆ ಲೆಕ್ಕ. ಒಂದು ಹೆಜ್ಜೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗವಾದರೆ ನಿಮಿಷವೊಂದಕ್ಕೆ 6 ಕೋಟಿ ಹೆಜ್ಜೆ! ಕಣದ ಅಡ್ಡಳತೆ 0.1 ಮಿಲಿಮೀಟರ್ ಆದರೆ ಒಂದು ಲೀಟರ್ ಪುಡಿಯಲ್ಲೇ ನೂರು ಕೋಟಿ ಮೀರಿ ಕಣಗಳು. ಹಾಗಾಗಿ ಕಂಪ್ಯೂಟರಿನಲ್ಲಿ ಕಣಗಳನ್ನು ಬೇಕೆಂದೇ ದೊಡ್ಡದು ಮಾಡುತ್ತಾರೆ. ಅಡ್ಡಳತೆ ಹತ್ತು ಪಟ್ಟಾದರೆ ಸಂಖ್ಯೆ ಸಾವಿರದಲ್ಲೊಂದಕ್ಕೆ ಇಳಿಯುತ್ತದೆ.

ಈ ಸಿಮ್ಯುಲೇಶನ್‌ಗಳಲ್ಲಿ ಎಷ್ಟು ಸಲ ನೋಡಿದರೂ ಸಾಲದೆನಿಸುವುದು ‘ವಿ’ ಆಕಾರದ ಬ್ಲೆಂಡರಿನದು. ಕೆಂಪು ಕಣ ಕೆಳಗೆ, ನೀಲಿ ಕಣ ಮೇಲೆ ತುಂಬಿ ತಿರುಗಿಸಿದರೆ ಬಣ್ಣಗಳು ಬೇಗ ಒಂದಾಗುತ್ತವೆ. ಎಡತೋಳಿಗೆ ಕೆಂಪು, ಬಲತೋಳಿಗೆ ನೀಲಿ ತುಂಬಿ ನೋಡಿ: ಆಯಾ ತೋಳಿನೊಳಗೆ ಪುಡಿ ಚೆನ್ನಾಗಿ ಮಗುಚುತ್ತದೆ, ಆದರೆ ನಡುಗೆರೆ ದಾಟುವುದು ಪ್ರತಿ ಸುತ್ತಿಗೂ ಸ್ವಲ್ಪವೇ. ಬೆರೆಯಲು ಎಷ್ಟೋ ಪಟ್ಟು ಹೆಚ್ಚು ಸುತ್ತು ಬೇಕು. ಯಂತ್ರ ಅದೇ, ಪುಡಿ ಅದೇ, ತುಂಬಿದ ಕ್ರಮ ಮಾತ್ರ ಬೇರೆ.

ಇನ್ನಷ್ಟು ಹೊತ್ತು ತಿರುಗಿಸಿದರಾಯಿತಲ್ಲ ಎಂದರೆ, ಅದೂ ಆಗದು. ಕಣಗಳ ಗಾತ್ರ ಬೇರೆ ಬೇರೆಯಾಗಿದ್ದರೆ, ಚೂಡಾ ಡಬ್ಬಿಯಲ್ಲಿ ಖಾರದ ಪುಡಿ ತಳ ಸೇರುವಂತೆ ಸಣ್ಣವು ಸಂದಿಯಲ್ಲಿ ಜಾರಿ ಬೇರೆಯಾಗುತ್ತವೆ. ಪುಡಿ ಯಂತ್ರಕ್ಕೆ ಅಂಟದಿರಲೆಂದು ಕೊನೆಯಲ್ಲಿ ಹಾಕುವ ಮೆಗ್ನೀಷಿಯಂ ಸ್ಟಿಯರೇಟ್ ಅತಿಯಾಗಿ ಬೆರೆತರೆ ಕಣಗಳ ಮೈಗೆ ಪದರವಾಗಿ ಹತ್ತಿ, ಮಾತ್ರೆ ಮೆತ್ತಗಾಗುತ್ತದೆ, ಹೊಟ್ಟೆಯಲ್ಲಿ ಕರಗುವುದೂ ತಡ. ಬರಿಯ ಗೋಲಿಗಳ ಲೆಕ್ಕಕ್ಕೆ ಈ ಪದರ ಸಿಕ್ಕುವುದಿಲ್ಲ.

ಕಣಗಳ ಹರಿವಿನ ಅಭ್ಯಾಸಕ್ಕೆ ನಮ್ಮಲ್ಲೇ ಗಟ್ಟಿ ಮನೆಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಕೇಶವ ರಾವ್, ಪ್ರಭು ನಾಟ್ ಬರೆದ ಪಠ್ಯವನ್ನು 2008ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮುದ್ರಣಾಲಯ ಪ್ರಕಟಿಸಿತು. ಮುಂಬಯಿ ಐಐಟಿಯ ದೇವಾಂಗ್ ಖಾಖರ್ ತಿರುಗುವ ಡ್ರಮ್ಮಿನೊಳಗಿನ ಬೆರಕೆಯನ್ನು ವರ್ಷಗಟ್ಟಲೆ ಅಭ್ಯಸಿಸಿದವರು.

ಸಿಮ್ಯುಲೇಶನ್ನಿನ ಬಣ್ಣದ ವಿಡಿಯೊ ಕಂಡೊಡನೆ ನಂಬುವ ಬದಲು, ಅದಕ್ಕೆ ಕೊಟ್ಟ ಘರ್ಷಣೆಯ ಅಂಕಿ ಎಲ್ಲಿಂದ ಬಂತೆಂದು ಮೊದಲು ಕೇಳಬೇಕು. ಆಲಿಕೆಯಿಂದ ಮೇಜಿನ ಮೇಲೆ ಸುರಿದ ಪುಡಿಯ ರಾಶಿಗೂ ಕಂಪ್ಯೂಟರಿನ ರಾಶಿಗೂ ಇಳಿಜಾರು ಒಂದೇ ಆಗುವವರೆಗೆ ಅಂಕಿ ತಿದ್ದುವುದು ರೂಢಿ. ಆದರೆ ಜಾರುವ ಘರ್ಷಣೆ, ಉರುಳುವ ಘರ್ಷಣೆಗಳ ಬೇರೆ ಬೇರೆ ಜೋಡಿಗಳು ಒಂದೇ ಇಳಿಜಾರನ್ನು ಕೊಡಬಲ್ಲವು. ಆದ್ದರಿಂದ ಅದೇ ಪುಡಿಯನ್ನು ಗಾಜಿನ ಡ್ರಮ್ಮಿನಲ್ಲಿ ತಿರುಗಿಸಿ, ಹರಿಯುವಾಗಿನ ಕೋನವನ್ನೂ ಅಳೆದು ತಾಳೆ ನೋಡಬೇಕು.